ಕಸೂತಿ ಮಿಷನ್ ಇಳಿಸಿದ ದಿನ

"ಗಾಳಿ ಜಾಸ್ತಿ ಇದೆ. ಇವತ್ತು ಆಗಲ್ಲ," ಎಂದ ಆಪರೇಟರ್.

ಎದುರು ಮನೆಯ ತಂತಿಯ ಮೇಲೆ ಒಣಹಾಕಿದ್ದ ಬೆಡ್‌ಶೀಟು ಇಸ್ತ್ರಿ ಹೊಡೆದಂತೆ ಅಲ್ಲಾಡದೆ ಇಳಿಬಿದ್ದಿತ್ತು. ಗಲ್ಲಿಯ ಕೊನೆಯಲ್ಲಿ ಯಾರೋ ಕಸಕ್ಕೆ ಹಚ್ಚಿದ್ದ ಬೆಂಕಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಸೀಟಿ ಒಮ್ಮೆ ಬೆಡ್‌ಶೀಟನ್ನು ನೋಡಿದ, ಒಮ್ಮೆ ಹೊಗೆಯನ್ನು ನೋಡಿದ, ಕೊನೆಗೆ ಆಪರೇಟರನ ಮುಖ ನೋಡಿದ. ಕ್ರೇನಿನ ಮುಂದೆ ನಿಂತು ಕೈ ತೋರಿಸುವುದು ಅವನ ಕೆಲಸ. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತೋ ಏನೋ. ತಲೆ ತುಂಬ ಕೂದಲಿದ್ದ ಕಾಲದಿಂದ ಬೋಳಾಗುವ ತನಕ ಅವನು ಈ ಒಬ್ಬ ಆಪರೇಟರನ ಜೊತೆಗೇ ದುಡಿದವನು.

"ಎಲ್ಲಿದೆ ಅಣ್ಣ ಗಾಳಿ?"

"ಮೇಲಿದೆ. ಕೆಳಗೆ ನಿಂತೋರಿಗೆ ಮೇಲಿನ ಗಾಳಿ ಗೊತ್ತಾಗಲ್ಲ."

"ಮೇಲೆ ನಿನ್ನ ಸೊಸೆ ನಿಂತಿದ್ದಾಳೆ. ಅವಳ ಸೆರಗೂ ಅಲ್ಲಾಡ್ತಿಲ್ಲ."

ಆಪರೇಟರ್ ಕ್ರೇನ್ ಲಾರಿಯ ಬಾನೆಟ್ಟಿನ ಮೇಲಿದ್ದ ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಲಿವರುಗಳನ್ನು ಮತ್ತೆ ಒರೆಸತೊಡಗಿದ.

ಲಾರಿ ನಿಂತಿದ್ದದ್ದು ಅವನ ಮನೆಯ ಎದುರಿಗೇ. ಎರಡನೇ ಮಹಡಿಯಲ್ಲಿ ಅವನೂ ಸೊಸೆಯೂ ಇರುವ ಎರಡು ಕೋಣೆಯ ಮನೆ. ಅದರ ಮುಂದಿನ ಕೋಣೆಯ ಬಾಗಿಲಿಗೆ ಹೊಂದಿಕೊಂಡಂತೆ, ಮೇಲೆ ಸೂರಿಲ್ಲದ ಬಾಲ್ಕನಿ. ಆ ಬಾಲ್ಕನಿಯ ಕಂಬಿಯನ್ನು ಸೊಸೆ ಬೆಳಿಗ್ಗೆಯೇ ತಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದ್ದಳು. ಈಗ ಅಲ್ಲಿ ಅಂಚಿನವರೆಗೂ ಸರಿಸಿಟ್ಟಿದ್ದ ಕಸೂತಿ ಮಿಷನ್ನು, ಹಳೆಯ ಕಂಬಳಿ ಸುತ್ತಿಸಿಕೊಂಡು, ಹೊರಡಲು ತಯಾರಾದ ಅಜ್ಜಿಯ ಹಾಗೆ ಕೂತಿತ್ತು.

ಅದು ಮನೆಯಲ್ಲಿ ಬಟ್ಟೆ ಹೊಲಿಯುವ ಮಿಷನ್ನಲ್ಲ. ಒಂದೇ ಸಲಕ್ಕೆ ಹತ್ತಾರು ಬಣ್ಣದ ದಾರ ಎಳೆದುಕೊಂಡು ಸೀರೆಯ ಅಂಚು ತುಂಬುವ ಕಬ್ಬಿಣದ ಗಟ್ಟಿ ದೇಹ. ಒಬ್ಬರೇ ಓರೆಯಾಗಿ ಹತ್ತಬೇಕಾದ ಆ ಮನೆಯ ಮೆಟ್ಟಿಲಿನಲ್ಲಿ ಅದರ ಅರ್ಧವೂ ಹಿಡಿಸುತ್ತಿರಲಿಲ್ಲ. ಮಗನ ಮದುವೆಯಾದ ಹೊಸತರಲ್ಲಿ ಅದನ್ನು ಮೇಲೆ ಏರಿಸಿದ್ದು ಈ ಕ್ರೇನೇ. ಕಂಬಿ ಬಿಚ್ಚಿ ಬಾಲ್ಕನಿಯಲ್ಲಿ ನಿಂತು ಕೈ ತೋರಿಸಿದವನು ಮಗ, ಕೆಳಗೆ ಲಿವರ್ ಹಿಡಿದವನು ಅಪ್ಪ. ಗಲ್ಲಿಯ ಜನರೆಲ್ಲ ತಲೆ ಎತ್ತಿ ನೋಡಿದ್ದರು. ಹೊಸ ಸೊಸೆ ಒಳಗಿನಿಂದ, "ನಿಧಾನ, ನಿಧಾನ, ಗೋಡೆಗೆ ತಾಗುತ್ತೆ!" ಎಂದು ಕೂಗಿದ್ದಕ್ಕೆ ಮಗ, "ಅಪ್ಪ ಎತ್ತೋವಾಗ ಗೋಡೆನೇ ಹೆದರಿ ಹಿಂದೆ ಸರಿಯುತ್ತೆ, ಸುಮ್ನಿರೇ," ಎಂದಿದ್ದ.

ಆ ಮಗ ಈಗಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ, ಎದೆ ಹಿಡಿದ ಹಾಗಾಗುತ್ತಿದೆ ಎಂದು ಇದೇ ಲಾರಿಯ ಚಕ್ರಕ್ಕೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಗ್ಯಾಸ್ ಇರಬೇಕು ಎಂದು ಅಪ್ಪ ಸೋಡಾ ತರಲು ಹೋಗಿದ್ದ. ಸೋಡಾ ಬಾಟಲಿ ಹಿಡಿದು ವಾಪಸು ಬಂದ ಆ ಹತ್ತು ಹೆಜ್ಜೆಯನ್ನು ಅವನು ಇವತ್ತಿಗೂ ಕನಸಿನಲ್ಲಿ ನಡೆಯುತ್ತಾನೆ.

ಅಂದಿನಿಂದ ಆ ಮನೆಯಲ್ಲಿ ಉಳಿದವರು ಇಬ್ಬರೇ. ತವರಿನವರು ಕರೆದರೂ ಸೊಸೆ ಹೋಗಲಿಲ್ಲ. "ಮಾವನಿಗೆ ಅನ್ನ ಬೇಯಿಸಿ ಹಾಕೋರು ಯಾರು?" ಎಂದು ಅಲ್ಲಿ ಹೇಳಿದಳು. ಇಲ್ಲಿ ಮಾವನಿಗೆ, "ನನ್ನ ಮಿಷನ್ ಇಲ್ಲಿದೆಯಲ್ಲ, ಎಲ್ಲಿಗೆ ಹೋಗ್ಲಿ?" ಎಂದಳು. ಅವಳು ಮಿಷನ್ ನಡೆಸುವ ಸದ್ದಿಲ್ಲದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅವನ ಲಾರಿ ಗಲ್ಲಿಯ ತಿರುವಿನಲ್ಲಿ ಹಾರ್ನ್ ಹೊಡೆಯದಿದ್ದರೆ ಅವಳಿಗೆ ಒಲೆ ಹಚ್ಚಲು ಮನಸ್ಸು ಬರುತ್ತಿರಲಿಲ್ಲ. ಇಬ್ಬರೂ ಸತ್ತವನ ಮಾತನ್ನು ಎತ್ತುತ್ತಿರಲಿಲ್ಲ. ಎತ್ತದೇ ಇರುವುದರಲ್ಲೇ ಅವರಿಬ್ಬರಿಗೂ ಒಂದು ಒಪ್ಪಂದವಿತ್ತು.

ಆಮೇಲೆ ಮಿಷನ್ ಕೆಟ್ಟಿತು, ಮೆಕ್ಯಾನಿಕ್ ಬಂದ. ರಿಪೇರಿ ಮಾಡಿ ಹೋದ. ಮತ್ತೆ ಕೆಟ್ಟಿತು, ಮತ್ತೆ ಬಂದ. ಕೊನೆಕೊನೆಗೆ ಕೆಡದ ಮಿಷನ್ನಿಗೂ ಎಣ್ಣೆ ಬಿಡಲು ಬರತೊಡಗಿದಾಗ ಆಪರೇಟರಿಗೆ ವಿಷಯ ತಿಳಿಯದೇ ಇರಲಿಲ್ಲ. ಅವನು ಆ ಮೆಕ್ಯಾನಿಕ್ಕನಲ್ಲಿ ತಪ್ಪು ಹುಡುಕಲು ಕಣ್ಣಲ್ಲಿ ಕಣ್ಣಿಟ್ಟು ಕಾದ. ಆ ಪುಣ್ಯಾತ್ಮ ಕುಡಿಯುತ್ತಿರಲಿಲ್ಲ, ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ಟೀ ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಿದ್ದ. ಹೆಂಡತಿ ತೀರಿಕೊಂಡವನಂತೆ, ದೂರದ ಊರಲ್ಲಿ ಸ್ವಂತದ್ದೊಂದು ಚಿಕ್ಕ ವರ್ಕ್‌ಶಾಪಂತೆ. ಬೈಯಲು ಒಂದು ಎಳೆಯೂ ಸಿಗದ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂದು ಆಪರೇಟರಿಗೆ ಆಗ ಗೊತ್ತಾಯಿತು.

ಸೊಸೆ ಅಡುಗೆಮನೆಯಲ್ಲಿ ನಿಂತು, ಗೋಡೆ ನೋಡುತ್ತ ಹೇಳಿದ್ದಳು: "ಮಾವ, ನೀವು ಬೇಡ ಅಂದ್ರೆ ಬೇಡ."

"ಬೇಡ ಅನ್ನೋಕೆ ನಾನ್ಯಾರಮ್ಮ? ನಿನಗಿನ್ನೂ ವಯಸ್ಸಿದೆ. ಒಳ್ಳೇದಾಗ್ಲಿ," ಎಂದು ಅವನು ಬಾಯ್ತುಂಬ ಹೇಳಿದ್ದ. ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದ, ಅದರಲ್ಲಿ ಮೋಸವಿರಲಿಲ್ಲ.

"ಆದ್ರೆ ಮಿಷನ್ ಇಲ್ದೆ ನಾನು ಹೋಗಲ್ಲ. ಬರಿಗೈಲಿ ಹೋಗಿ ಇನ್ನೊಬ್ಬರ ಮನೇಲಿ ಕೂತು ಉಣ್ಣೋಕೆ ನನಗಾಗಲ್ಲ. ನೀವೇ ಇಳಿಸಿಕೊಡಬೇಕು."

ಅವನು ಮೋಸಕ್ಕೆ ಇಳಿದದ್ದು ಈ ಮಾತಿನಿಂದ. ಆ ಗಲ್ಲಿಯೊಳಗೆ ನುಗ್ಗಬಲ್ಲಷ್ಟು ಚಿಕ್ಕ ಕ್ರೇನ್ ಲಾರಿ ಊರಿಗೆಲ್ಲ ಅವನದೊಂದೇ. ಮತ್ತೆ, ಕ್ರೇನಿನ ಕೆಲಸದಲ್ಲಿ ಆಪರೇಟರ್ ಬೇಡವೆಂದರೆ ಮುಗಿಯಿತು. ದೊಡ್ಡ ಇಂಜಿನಿಯರ್ ಬಂದು ಕುಣಿದಾಡಿದರೂ, ಮಾಲೀಕ ಬಂದು ಕೈಮುಗಿದರೂ, ಭಾರ ಎತ್ತುವುದು ಬಿಡುವುದು ಆಪರೇಟರನ ಮಾತು. ಜೀವ ಉಳಿಸಲೆಂದು ಇರುವ ಹಕ್ಕು ಅದು. ಜೀವಮಾನದಲ್ಲಿ ಒಮ್ಮೆಯೂ ಅವನು ಅದನ್ನು ಸುಳ್ಳಿಗೆ ಬಳಸಿರಲಿಲ್ಲ.

ಈಗ ಬಳಸತೊಡಗಿದ. ಮೊದಲ ಸಲ ಗಾಳಿ ಎಂದ. ಅವತ್ತು ನಿಜಕ್ಕೂ ಸ್ವಲ್ಪ ಗಾಳಿಯಿತ್ತು. ಮುಂದಿನ ವಾರ, ಲಾರಿಯನ್ನು ಊರಿ ನಿಲ್ಲಿಸುವ ಎಡಗಡೆಯ ಜಾಕ್ ಚರಂಡಿಯ ಚಪ್ಪಡಿಯ ಮೇಲೆ ಬರುತ್ತದೆ, ಚಪ್ಪಡಿ ತಡೆಯುವುದಿಲ್ಲ ಎಂದ. ಮೆಕ್ಯಾನಿಕ್ ಎಲ್ಲಿಂದಲೋ ದಪ್ಪ ದಪ್ಪ ಮರದ ಹಲಗೆ ಹೊರಿಸಿಕೊಂಡು ಬಂದ. ಅದರ ಮುಂದಿನ ವಾರ ಕ್ರೇನಿನ ಉದ್ದ ತೋಳಿನ, ಬೂಮಿನ, ಎಣ್ಣೆ ಪೈಪು ಸೋರಿತು. ಸೋರುವುದೇನು, ಮಬ್ಬುಗತ್ತಲಲ್ಲಿ ಎದ್ದು ಬಂದು, ತನ್ನದೇ ಲಾರಿಯ ನಟ್ಟನ್ನು ಕಳ್ಳನ ಹಾಗೆ ತಾನೇ ಸಡಿಲಿಸಿದ್ದ. ನೆಲದ ಮೇಲೆ ಎಣ್ಣೆ ಹನಿ ಹನಿಯಾಗಿ ಬೀಳುವುದನ್ನು ಸೀಟಿಗೆ ತೋರಿಸಿ, "ನೋಡಿದ್ಯಾ?" ಎಂದಿದ್ದ. ಸೀಟಿ ನೋಡಿದ್ದ. ನಟ್ಟಿನ ಮೇಲೆ ಸ್ಪ್ಯಾನರ್ ಉಜ್ಜಿದ ಹೊಸ ಗುರುತನ್ನೂ ನೋಡಿದ್ದ.

ಇವತ್ತು ಬೇರೇನೂ ತೋಚದೆ ಮತ್ತೆ ಗಾಳಿಗೇ ಬಂದಿದ್ದ.

ಮೆಕ್ಯಾನಿಕ್ ಮಿಷನ್ ಒಯ್ಯಲು ತಂದಿದ್ದ ಬಾಡಿಗೆ ಲಾರಿಯಿಂದ ಇಳಿದು ಹತ್ತಿರ ಬಂದ. "ಯಜಮಾನ್ರೇ, ಕಾಯೋಣ್ವಾ? ಸಂಜೆ ಮೇಲೆ ಕಮ್ಮಿ ಆಗಬಹುದೇನೋ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಆಪರೇಟರಿಗೆ ಅದೇ ಸಂಕಟವಾಯಿತು. ಇವನೊಮ್ಮೆ ಕೂಗಾಡಿದ್ದರೆ, ಕೈಯೆತ್ತಿದ್ದರೆ, ಇಂಥವನ ಜೊತೆ ಕಳಿಸಲಾರೆ ಎಂದು ಬಾಗಿಲು ಹಾಕಿಕೊಳ್ಳಬಹುದಿತ್ತು.

"ಕಾಯೋದಾದ್ರೆ ಕಾಯಿ," ಎಂದ.

ಆಗ ಸೊಸೆ ಕೆಳಗಿಳಿದು ಬಂದಳು. ಕೈಯಲ್ಲಿ ಟೀ ಲೋಟವಿತ್ತು. ಅವಳನ್ನು ನೋಡಿ ಸೀಟಿ ಮೆಕ್ಯಾನಿಕ್ಕನ ಹೆಗಲ ಮೇಲೆ ಕೈ ಹಾಕಿ, "ಬಾರಪ್ಪ, ನಿನ್ನ ಲಾರಿ ಒಂಚೂರು ಹಿಂದೆ ತಗೋಬೇಕು," ಎಂದು ಸುಮ್ಮನೆ ಆ ಕಡೆ ಕರೆದುಕೊಂಡು ಹೋದ.

ಅವಳು ಲೋಟ ಕೊಟ್ಟು, ಲಾರಿಯ ಚಕ್ರದ ಪಕ್ಕ ನಿಂತಳು. ಮುಂಗೈಯಲ್ಲಿ ಕಂಬಿಯ ತುಕ್ಕು ಹತ್ತಿತ್ತು.

"ಗಾಳಿ ಯಾವಾಗ ನಿಲ್ಲುತ್ತೆ ಮಾವ?"

"ಹೇಳೋಕಾಗಲ್ಲಮ್ಮ."

"ನೀವು ಸಕ್ಕರೆ ಡಬ್ಬ ಎಲ್ಲಿದೆ ಅಂತ ಇವತ್ತಿಗೂ ಹುಡುಕ್ತೀರಿ. ರಾತ್ರಿ ಮಾತ್ರೆ ನಾನು ಕೊಡದಿದ್ರೆ ತಗೊಳ್ಳಲ್ಲ. ನನಗೇನು ಗೊತ್ತಾಗಲ್ವಾ?"

ಅವನು ಟೀ ಊದುತ್ತ ನಿಂತ. ಅದು ಆಗಲೇ ಕುಡಿಯುವ ಹದಕ್ಕೆ ಆರಿತ್ತು.

"ಇರು ಅಂತ ಒಂದ್ಸಲ ಬಾಯಿಬಿಟ್ಟು ಹೇಳಿ ಮಾವ. ಇದ್ದುಬಿಡ್ತೀನಿ. ಅವರಿಗೆ ನಾನೇ ಹೇಳ್ತೀನಿ, ಅವರು ಅರ್ಥ ಮಾಡ್ಕೋತಾರೆ. ಆದ್ರೆ ನೀವು ಹೇಳಬೇಕು. ಗಾಳಿ ಮೇಲೆ, ಚರಂಡಿ ಮೇಲೆ ಹಾಕಬೇಡಿ. ಹಿಂಗೆ ಪ್ರತಿ ವಾರ ಗಂಟು ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ನನಗೆ ಸಾಕಾಗಿದೆ."

ಇರು. ಎರಡೇ ಅಕ್ಷರ. ಅದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ವಾರದಿಂದ, ಊಟಕ್ಕೆ ಕೂತಾಗ, ಚಪ್ಪಲಿ ಹಾಕಿಕೊಳ್ಳುವಾಗ, ಅವಳು ಬಗ್ಗಿ ನೆಲ ಒರೆಸುವಾಗ, ಅದು ಅಲ್ಲಿಯೇ ಇತ್ತು. ಹೇಳಿದರೆ ಅವಳು ಇದ್ದುಬಿಡುತ್ತಾಳೆ, ಸುಳ್ಳಾಡುವ ಹೆಣ್ಣಲ್ಲ. ಅವಳ ಬೈತಲೆಯ ಬಳಿ ನಾಲ್ಕು ಬಿಳಿ ಕೂದಲು ಆಗಲೇ ಮೂಡಿದ್ದವು. ಇನ್ನು ಕೆಲವು ವರ್ಷ ತನಗೆ ಮಾತ್ರೆ ಕೊಡುತ್ತಾಳೆ. ತಾನು ಹೋದ ಮೇಲೆ, ಮಿಷನ್ನಿನ ಎದುರು ಒಬ್ಬಳೇ ಕೂತು ಯಾರದೋ ಮದುವೆಯ ಸೀರೆಗೆ ಅಂಚು ತುಂಬುತ್ತಾಳೆ. ಅವನು ಲೋಟವನ್ನು ಬಾನೆಟ್ಟಿನ ಮೇಲಿಟ್ಟು, ತಿರುಗಿ, "ಸೀಟೀ, ಜಾಕ್ ಇಳಿಸೋ!" ಎಂದು ಕೂಗಿದ.

ಸೊಸೆ ಕ್ಷಣ ಹೊತ್ತು ಅಲ್ಲೇ ನಿಂತಳು. ಅವಳು ಯಾವ ಮಾತಿಗೆ ಕಾದಿದ್ದಳೋ, ಅದು ಬರದಿದ್ದುದಕ್ಕೆ ಅವಳಿಗೆ ಸಮಾಧಾನವಾಯಿತೋ ದುಃಖವಾಯಿತೋ ಅವನಿಗೆ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಮೇಲೆ ಹೋಯಿತು.

ಹಲಗೆಗಳ ಮೇಲೆ ನಾಲ್ಕೂ ಜಾಕ್ ಊರಿ ನಿಂತವು, ಲಾರಿಯ ಚಕ್ರಗಳು ನೆಲ ಬಿಟ್ಟವು. ಸೀಟಿ ಮೇಲೆ ಹೋಗಿ ಮಿಷನ್ನಿಗೆ ಬೆಲ್ಟು ಹಾಕಿ, ಓಲಾಡದಂತೆ ಹಿಡಿಯಲು ಒಂದು ಹಗ್ಗ ಕಟ್ಟಿ, ಅದರ ತುದಿಯನ್ನು ಕೆಳಗೆ ಬಿಟ್ಟು ಇಳಿದು ಬಂದ. ಮೆಕ್ಯಾನಿಕ್ ಬಾಡಿಗೆ ಲಾರಿಯ ಮೇಲೆ ಹತ್ತಿ ನಿಂತ. ಆಪರೇಟರ್ ಬೂಮಿನ ಪಕ್ಕದ ಎತ್ತರದ ಸೀಟಿನಲ್ಲಿ ಕೂತ. ಅಲ್ಲಿಂದ ಬಾಲ್ಕನಿಯ ಅಂಚು ಕಾಣುತ್ತಿತ್ತೇ ಹೊರತು ಮಿಷನ್ನಿನ ಬುಡ ಕಾಣುತ್ತಿರಲಿಲ್ಲ. ಮೇಲೆ ಒಬ್ಬರು ನಿಂತು ಕೈ ತೋರಿಸಲೇಬೇಕು. ತೋರಿಸುವವರು ಒಬ್ಬರೇ ಇರಬೇಕು, ಆಪರೇಟರ್ ಆ ಒಂದು ಕೈಯನ್ನು ಬಿಟ್ಟು ಬೇರೇನನ್ನೂ ನಂಬಬಾರದು.

"ನೀನ್ಯಾಕೋ ಇಳಿದು ಬಂದೆ? ಮೇಲೆ ಯಾರು?" ಎಂದ.

"ಕೆಳಗೆ ಹಗ್ಗ ಹಿಡಿಯೋಕೆ ನಾನು ಬೇಕು. ಮೇಲೆ ಅವಳೇ ತೋರಿಸ್ಲಿ."

"ಅವಳಿಗೆ ಬರಲ್ಲ."

"ಬರುತ್ತೆ ಮಾವ," ಎಂದಳು ಸೊಸೆ ಮೇಲಿನಿಂದ. ಬಲಗೈ ಎತ್ತಿದಳು. ತೋರುಬೆರಳು ಆಕಾಶಕ್ಕೆ ಮಾಡಿ ಮೆಲ್ಲಗೆ ತಿರುಗಿಸಿದಳು. ಎತ್ತು.

ಬೆರಳು ತಿರುಗಿಸಿದ ಮೇಲೆ ಕೊನೆಯಲ್ಲಿ ಮಣಿಕಟ್ಟನ್ನು ಸಣ್ಣಗೆ ಕೊಡವುವ ಚಾಳಿ, ಒದ್ದೆ ಕೈಯಿಂದ ನೀರು ಕೊಡವಿದ ಹಾಗೆ. ಅದು ಮಗನದು. ಎಷ್ಟು ಬೈದರೂ ಬಿಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸದೆ, ಅವಳೂ ಮಗನೂ ಗಲ್ಲಿಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಗಲ್ಲಿಗೆ ಹೀಗೇ ಕೈಯಲ್ಲಿ ಮಾತಾಡುತ್ತಿದ್ದರು. ಬಾ ಎನ್ನಲು ಇಳಿಸು ಎಂಬ ಸನ್ನೆ, ಇನ್ನೂ ತಡ ಎನ್ನಲು ನಿಲ್ಲು ಎಂಬ ಸನ್ನೆ. ಅಪ್ಪ ನೋಡಿಯೂ ನೋಡದವನ ಹಾಗೆ ಬೀಡಿ ಹಚ್ಚುತ್ತಿದ್ದ.

ಲಿವರಿನ ಮೇಲಿದ್ದ ಅವನ ಕೈ ತಾನಾಗಿಯೇ ಸರಿಯಿತು. ಮನಸ್ಸು ಒಪ್ಪುವುದಕ್ಕೆ ಮೊದಲೇ ಸರಿಯಿತು. ಆ ಬೆರಳು ಎತ್ತು ಎಂದರೆ ಎತ್ತಿ ಅಷ್ಟೇ ಗೊತ್ತಿದ್ದ ಕೈ ಅದು. ಬೆಲ್ಟು ಬಿಗಿಯಿತು, ಬೂಮು ನರಳಿತು, ಮಿಷನ್ನು ಬಾಲ್ಕನಿಯ ನೆಲ ಬಿಟ್ಟಿತು. ಸೊಸೆ ಕೈ ಚಾಚಿದಳು, ಅವನು ಆ ಕಡೆ ತಿರುಗಿಸಿದ. ಅಂಗೈ ಅಡ್ಡ ಹಿಡಿದಳು, ನಿಲ್ಲಿಸಿದ. ಮಿಷನ್ನು ಬಾಲ್ಕನಿಗೂ ಬಾಡಿಗೆ ಲಾರಿಗೂ ನಡುವೆ, ಗಲ್ಲಿಯ ಮೇಲೆ ತೂಗಿತು. ಕಂಬಳಿಯ ಒಂದು ಮೂಲೆ ಜಾರಿ, ಒಳಗಿನ ಸೂಜಿಗಳು ಮಿಂಚಿದವು.

ಅವಳು ಬೆರಳನ್ನು ಕೆಳಗೆ ಮಾಡಿ ತಿರುಗಿಸಿದಳು. ಇಳಿಸು.

ಅವನು ಇಳಿಸಲಿಲ್ಲ.

ಇದು ಲಾರಿಯ ಮೇಲೆ ಕೂತರೆ ಎಲ್ಲ ಮುಗಿಯಿತು. ಇದು ಹೀಗೇ, ಇಲ್ಲಿಯೇ, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ತೂಗುತ್ತಿರುವಷ್ಟು ಹೊತ್ತು ಅವಳು ತನ್ನ ಬಾಲ್ಕನಿಯಲ್ಲಿ ನಿಂತಿರುತ್ತಾಳೆ, ತನ್ನ ಸೊಸೆಯಾಗಿರುತ್ತಾಳೆ. ಅವನು ಲಿವರ್ ಹಿಡಿದು ಕೂತ. ಕೆಳಗೆ ಮೆಕ್ಯಾನಿಕ್, "ಏನಾಯ್ತು ಯಜಮಾನ್ರೇ? ಏನಾದ್ರೂ ಸಿಕ್ಕಾಕ್ಕೊಂತಾ?" ಎಂದು ಗಾಬರಿಯಲ್ಲಿ ಕೇಳಿದ. ಸೀಟಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ನೆಲ ನೋಡುತ್ತಿದ್ದ.

ಸೊಸೆ ಮತ್ತೆ ಬೆರಳು ಕೆಳಗೆ ಮಾಡಿ ತಿರುಗಿಸಿದಳು. ಆಗ ಅವನಿಗೆ ಕಾಣಿಸಿತು. ಅವಳ ಕೈ ನಡುಗುತ್ತಿತ್ತು.

ಬರೀ ಬೆರಳಲ್ಲ, ಮೊಣಕೈವರೆಗೂ ನಡುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡು ನಿಲ್ಲಿಸಲು ನೋಡಿದಳು, ನಿಲ್ಲಲಿಲ್ಲ. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ನಡುಗುವ ಕೈ ನೋಡಿ ಭಾರ ಇಳಿಸಬಾರದು. ಇದನ್ನು ಮಗನಿಗೆ ಕಲಿಸಿದವನು ಅವನೇ: ತೋರಿಸೋನ ಕೈ ನಡುಗಿದರೆ, ಕಾರಣ ಏನೇ ಇರಲಿ, ಅಲ್ಲಿಗೇ ಕೆಲಸ ನಿಲ್ಲಿಸು. ವಾರಗಟ್ಟಲೆ ಸುಳ್ಳು ಹೊಸೆದ ಮೇಲೆ, ಈಗ, ಕೊನೆಗೂ, ಅವನ ಕೈಗೆ ಒಂದು ನಿಜವಾದ ಕಾರಣ ಸಿಕ್ಕಿತ್ತು. ಮಿಷನ್ನನ್ನು ವಾಪಸು ಬಾಲ್ಕನಿಯಲ್ಲಿ ಇಳಿಸಿ, ಇವತ್ತಿಗೆ ಸಾಕು ಎಂದಿದ್ದರೆ ಲೋಕದ ಯಾವ ಆಪರೇಟರೂ ಅವನನ್ನು ತಪ್ಪೆನ್ನುತ್ತಿರಲಿಲ್ಲ.

ಅವನಿಗೆ ಅಳು ಬಂತು. ಇಷ್ಟು ದಿನ ಹಿಡಿದಿಟ್ಟದ್ದು ತನ್ನ ಸಂಕಟವನ್ನು ಮಾತ್ರವಲ್ಲ, ಅವಳದನ್ನೂ ಎಂದು ಹೊಳೆದು ಅಳು ಬಂತು. ಈ ಹುಡುಗಿಯನ್ನು ಹೀಗೆ ನಡುವೆ ತೂಗುಬಿಟ್ಟು ತಾನು ಲಿವರ್ ಹಿಡಿದು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ತೋಳಿನಿಂದ ಕಣ್ಣೊರೆಸಿಕೊಂಡು, ಅವಳ ನಡುಗುವ ಬೆರಳನ್ನೇ ನೋಡುತ್ತ, ಲಿವರನ್ನು ಕೂದಲೆಳೆಯಷ್ಟು ಸರಿಸಿದ. ಮಿಷನ್ನು ಇಳಿಯತೊಡಗಿತು. ಬೆರಳು ತಿರುಗಿದಷ್ಟೇ ಇಳಿಸಿದ, ನಿಂತಾಗ ನಿಲ್ಲಿಸಿದ. ಲಾರಿಯ ಹಲಗೆಯ ಮೇಲೆ ಅದು ಕೂತಾಗ ಸದ್ದೇ ಆಗಲಿಲ್ಲ.

"ಅಬ್ಬಾ! ಮಗು ಮಲಗಿಸಿದ ಹಾಗೆ ಮಲಗಿಸಿದ್ರಿ ಯಜಮಾನ್ರೇ," ಎಂದ ಮೆಕ್ಯಾನಿಕ್.

ಬೆಲ್ಟು ಬಿಚ್ಚಿದರು. ಲಾರಿ ಹೊರಡಲು ಅಡ್ಡವಾಗದಂತೆ ಸೊಸೆ ಬೆರಳು ತಿರುಗಿಸಿ ಕ್ರೇನಿನ ಕೊಕ್ಕೆಯನ್ನು ಮೇಲೆ ಕರೆದಳು. ಕೊಕ್ಕೆ ಬಾಲ್ಕನಿಯ ಎತ್ತರಕ್ಕೆ ಬಂದಾಗ ಅಂಗೈ ಅಡ್ಡ ಹಿಡಿದು ನಿಲ್ಲಿಸಿ, ಒಳಗೆ ಹೋದಳು. ಆಮೇಲೆ ಕೈಚೀಲದೊಂದಿಗೆ ಗಲ್ಲಿಗೆ ಬಂದಳು.

"ಇಳೀರಿ ಮಾವ."

"ಬೂಮು ಮೇಲಿರೋವಾಗ ಆಪರೇಟರ್ ಸೀಟು ಬಿಟ್ಟು ಇಳಿಯೋ ಹಾಗಿಲ್ಲಮ್ಮ."

ಅದು ನಿಜವೇ. ಆದರೆ ಅದಕ್ಕಾಗಿ ಅವನು ಕೂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಸೀಟಿನ ಕೆಳಗಿನ ಮೆಟ್ಟಿಲ ಮೇಲೆ ಹತ್ತಿ ನಿಂತು, ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು.

"ಕಂಬಿಯ ಬೋಲ್ಟೆಲ್ಲ ಸಕ್ಕರೆ ಡಬ್ಬದ ಪಕ್ಕ ಒಂದು ಲೋಟದಲ್ಲಿ ಹಾಕಿಟ್ಟಿದ್ದೀನಿ. ಇವತ್ತೇ ಹಾಕಿಸ್ಬಿಡಿ. ನಿದ್ದೆಗಣ್ಣಲ್ಲಿ ಎದ್ದು ಬಂದು ಆ ಕಡೆ ಕಾಲಿಟ್ಟೀರಿ."

"ಹೂಂ."

"ಹೂಂ ಅಲ್ಲ. ಇವತ್ತೇ."

"ಇವತ್ತೇ ಹಾಕಿಸ್ತೀನಿ. ನೀನು ಹೋಗು ಮಗಳೇ. ದೂರದ ದಾರಿ."

ಅಷ್ಟು ವರ್ಷಗಳಲ್ಲಿ ಅವನು ಅವಳನ್ನು ಹಾಗೆ ಕರೆದಿರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಇಳಿದು, ಬಾಡಿಗೆ ಲಾರಿಯ ಮುಂದಿನ ಸೀಟಿಗೆ ಹತ್ತಿದಳು. ಮೆಕ್ಯಾನಿಕ್ ದೂರದಿಂದಲೇ ಕೈಮುಗಿದ. ಲಾರಿ ಹಿಂದೆ ಮುಂದೆ ಮಾಡಿ, ಗೋಡೆ ತಪ್ಪಿಸಿ, ತಿರುವಿನಲ್ಲಿ ಮರೆಯಾಯಿತು.

ಸೀಟಿ ಹಗ್ಗ ಸುತ್ತಿಟ್ಟ. ಬೆಲ್ಟು ಮಡಚಿಟ್ಟ. ಆಮೇಲೆ ಕ್ರೇನಿನ ಎದುರಿಗೆ ಬಂದು ನಿಂತು, "ಬೂಮ್ ಇಳಿಸೋಣ್ವಾ ಅಣ್ಣ?" ಎಂದು ಕೈ ಎತ್ತಿ, ಬೆರಳು ಕೆಳಗೆ ಮಾಡಿ ತಿರುಗಿಸಿದ.

ಆಪರೇಟರ್ ಲಿವರಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಅವನು ಸೀಟಿಯನ್ನು ನೋಡುತ್ತಿರಲಿಲ್ಲ. ಕಂಬಿಯಿಲ್ಲದ ಬಾಲ್ಕನಿಯ ಆ ಅಂಚನ್ನೇ, ಯಾರಾದರೂ ಒಳಗಿನಿಂದ ಬಂದು ನಿಲ್ಲುತ್ತಾರೇನೋ ಎಂಬಂತೆ ನೋಡುತ್ತಿದ್ದ. ಕೊಕ್ಕೆ ಅವಳು ನಿಲ್ಲಿಸಿದಲ್ಲೇ ನಿಂತಿತ್ತು.

ಸೀಟಿ ಎತ್ತಿದ ಕೈಯನ್ನು ಇಳಿಸಿದ. ಹಿಂದೆ ಒಂದು ಸ್ಕೂಟರ್ ಬಂದು ದಾರಿ ಬಿಡಿ ಎಂದು ಹಾರ್ನ್ ಹೊಡೆಯಿತು. ಅವನು ಅದರ ಹತ್ತಿರ ಹೋಗಿ, ಮೆಲ್ಲನೆ, "ಸ್ವಲ್ಪ ಆ ಕಡೆಯಿಂದ ಸುತ್ತಿ ಹೋಗಪ್ಪ," ಎಂದು ಹೇಳಿ ಕಳಿಸಿ, ಜಾಕಿನ ಹಲಗೆಯ ಮೇಲೆ ಕೂತುಕೊಂಡ.